ಪಟ್ಟವೇರದ ಚದುರಂಗಧೀರ ಪಾಲ್ ಕೆರೆಸ್

ಚದುರಂಗದ ಜಗಜ್ಜೇತೃ ಪಟ್ಟಕ್ಕೆ ಸ್ಪರ್ಧಿಸುವ ಹಕ್ಕು ಸುಲಭಲಭ್ಯವಾದುದಲ್ಲ. ಒಂದು ಕಾಲದಲ್ಲಿ ಪಟ್ಟದಲ್ಲಿರುವಾತನೇ ತನ್ನ ಪ್ರತಿಸ್ಪರ್ಧಿಯನ್ನು ಒಪ್ಪಿಕೊಳ್ಳಬೇಕಾಗಿತ್ತು. ಪಣದ ಹಣವನ್ನು ಕೂಡಿಸಲಾರದ ಪ್ರತಿಭಾವಂತನು ಬಾಗಿಲ ಹೊರಗೇ ನಿಲ್ಲುತ್ತಿದ್ದನು. 1948ರ ಬಳಿಕ ವಿಶ್ವ ಚದುರಂಗ ಸಂಸ್ಥೆಯು ಈ ಪದ್ಧತಿಯನ್ನು ತೊಡೆದು, ಶ್ರೇಷ್ಠ ಆಟಗಾರರನ್ನು ಒಂದೆಡೆ ಸೇರಿಸಿ ಪರಸ್ಪರ ಆಡಿಸಿ, ಮೊದಲಿಗನಾದವನಿಗೆ ಆ ಹಕ್ಕನ್ನು ಕೊಡುವ ಕ್ರಮವನ್ನು ರೂಢಿಗೆ ತಂದಿತು. ಇದೇ ಅಭ್ಯರ್ಥಿಗಳ ಪಂದ್ಯಾವಳಿ. 2024ರಲ್ಲಿ ಟೊರಾಂಟೊ ನಗರದಲ್ಲಿ ನಮ್ಮ ದೇಶದ ತರುಣ ಗುಕೇಶ್ ಗೆದ್ದುದು ಇದನ್ನೇ. ಇಲ್ಲಿ ಎರಡನೆಯವನಾದವನಿಗೆ ಪಟ್ಟದ ಹಾದಿ ಮುಚ್ಚಿದಂತೆಯೇ. ಅಂಥ ಎರಡನೆಯ ಸ್ಥಾನವನ್ನು ಒಂದರ ಮೇಲೊಂದರಂತೆ ನಾಲ್ಕು ಬಾರಿ ಪಡೆದ ಮಹನೀಯರು ಎಸ್ಟೋನಿಯ ದೇಶದ ಪಾಲ್ ಕೆರೆಸ್.

ಕೆರೆಸ್ ಜನಿಸಿದ್ದು 1916ನೆಯ ಇಸವಿ ಜನವರಿ 7ರಂದು, ನಾರ್ವಾ ಪಟ್ಟಣದಲ್ಲಿ. ಬೆಳೆದುದು ಪ್ಯಾರ್ನು ಎಂಬ ಚಿಕ್ಕ ಊರಿನಲ್ಲಿ. ಅಲ್ಲಿ ಸರಿಸಮರಾದ ಎದುರಾಳಿಗಳಿರಲಿಲ್ಲ. ಬಾಲಕನು ಅದಕ್ಕೆ ಎದೆಗುಂದದೆ ಅಂಚೆಯ ಮೂಲಕ ದೂರದೂರದವರೊಡನೆ ಆಡತೊಡಗಿದನು. ಏಕಕಾಲದಲ್ಲಿ ನೂರೈವತ್ತರಷ್ಟು ಆಟಗಳು ಅಂಚೆಯಲ್ಲಿ ನಡೆಯುತ್ತಿದ್ದುದುಂಟು. ಗುರುವಿಲ್ಲದೆಡೆ ಅಭ್ಯಾಸವೇ ಗುರುವಾಯಿತು. 1935ರಲ್ಲಿ ವಾರ್ಸಾ ನಗರದ ಒಲಿಂಪಿಯಾಡಿನಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ತನ್ನ ನಾಡಿನ ತಂಡಕ್ಕೆ ಆತನೇ ಅಗ್ರಗಣ್ಯನಾಗಿದ್ದನು. ಮುಂದೆ ಟಾರ್ಟು ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ವ್ಯಾಸಂಗ ಮಾಡಿದನು.

1938ರಲ್ಲಿ ಹಾಲೆಂಡಿನಲ್ಲಿ ಆವ್ರೋ ಪಂದ್ಯಾವಳಿ ನಡೆಯಿತು. ಅಲೆಖಿನ್, ಕಾಪಬ್ಲಾಂಕ, ಯೂವೆ, ಬೋತ್ವಿನ್ನಿಕ್ ಮೊದಲಾದ ಎಂಟು ಮಂದಿ ಮಹಾರಥರು ಅಲ್ಲಿ ನೆರೆದಿದ್ದರು. ಇಪ್ಪತ್ತೆರಡರ ಕೆರೆಸ್ ಅಮೆರಿಕದ ಫೈನ್‌ರೊಡನೆ ಸಮಾಂಕ ಗಳಿಸಿ, ಪರಸ್ಪರ ಪಂದ್ಯದ ಗೆಲುವಿನಿಂದ ಮೊದಲಿಗರಾದರು. ಜಗಜ್ಜೇತರಾಗಿದ್ದ ಅಲೆಖಿನ್‌ರಿಗೆ ಎದುರಾಗಬಲ್ಲವರು ಇವರೇ ಎಂದು ಚದುರಂಗಲೋಕವು ಭಾವಿಸಿತು. ಆದರೆ ಮರುವರ್ಷವೇ ಮಹಾಯುದ್ಧದ ಕಾಳ್ಗಿಚ್ಚು ಹೊತ್ತಿತು. ಎಸ್ಟೋನಿಯವು 1940ರಲ್ಲಿ ಸೋವಿಯತ್ ರಷ್ಯದ ವಶವಾಯಿತು. 1941ರಲ್ಲಿ ಜರ್ಮನರು ಬಂದರು. 1944ರಲ್ಲಿ ಮತ್ತೆ ರಷ್ಯನರು. ಜರ್ಮನರ ಆಳ್ವಿಕೆಯ ಸ್ಪರ್ಧೆಗಳಲ್ಲಿ ಆಡಿದ್ದ ಕೆರೆಸ್, ಹೊಸ ಪ್ರಭುತ್ವದ ಸಂದೇಹಕ್ಕೆ ಪಾತ್ರರಾದರು. 1946ರಲ್ಲಿ ಅಲೆಖಿನ್ ತೀರಿಕೊಂಡರು. ಆ ಸಮರ ನಡೆಯಲೇ ಇಲ್ಲ.

ತೆರವಾದ ಪಟ್ಟಕ್ಕಾಗಿ 1948ರಲ್ಲಿ ಐವರು ಸೆಣಸಿದರು. ಬೋತ್ವಿನ್ನಿಕ್ ಗೆದ್ದರು, ಕೆರೆಸ್ ರೆಶೆವ್ಸ್ಕಿಯವರೊಡನೆ ಮೂರನೆಯ ಸ್ಥಾನವನ್ನು ಹಂಚಿಕೊಂಡರು. ಬೋತ್ವಿನ್ನಿಕ್‌ರಿಗೆ ಮೊದಲ ನಾಲ್ಕು ಆಟಗಳನ್ನು ಸೋತುದು ರಾಜಕೀಯದ ಒತ್ತಡದಿಂದಲೇ ಎಂದು ಹಲವರು ಶಂಕಿಸಿದರು. ಆ ಚರ್ಚೆ ಇತ್ಯರ್ಥವಾಗಿಲ್ಲ.

ಅಲ್ಲಿಂದ ಮುಂದಿನದು ಅರ್ಧಾಂಕ, ಒಂದಂಕಗಳ ಕಥೆ. 1953ರ ಜ್ಯೂರಿಕ್ ಪಂದ್ಯಾವಳಿಯಲ್ಲಿ ಸ್ಮಿಸ್ಲೊವ್ ಮೊದಲಿಗರು. ಎರಡಂಕ ಹಿಂದೆ ಇನ್ನಿಬ್ಬರೊಡನೆ ಕೆರೆಸ್. 1956ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮತ್ತೆ ಸ್ಮಿಸ್ಲೊವ್, ಮತ್ತೆ ಎರಡನೆಯವರಾಗಿ ಕೆರೆಸ್. 1959ರಲ್ಲಿ ಯುಗೊಸ್ಲಾವಿಯದಲ್ಲಿ ಗೆದ್ದ ತರುಣ ತಾಲ್‌ರನ್ನು ಕೆರೆಸ್ ನಾಲ್ಕು ಆಟಗಳಲ್ಲಿ ಮೂರರಲ್ಲಿ ಸೋಲಿಸಿದರು. ಆದರೂ ತಾಲ್‌ರಿಗೆ 20 ಅಂಕ, ಕೆರೆಸ್‌ರಿಗೆ 18½. ಎದುರಾಳಿಯನ್ನು ಗೆದ್ದೂ ಪಂದ್ಯಾವಳಿಯನ್ನು ಸೋಲುವ ವಿಚಿತ್ರವಿದು.

1962ರ ಕ್ಯೂರಸಾವ್ ದ್ವೀಪದ ಸ್ಪರ್ಧೆಯೇ ಅತ್ಯಂತ ದಾರುಣವಾದುದು. ಪೆಟ್ರೋಸಿಯನ್, ಗೆಲ್ಲರ್, ಕೆರೆಸ್ ಮೂವರೂ ತಮ್ಮೊಳಗಿನ ಹನ್ನೆರಡು ಆಟಗಳನ್ನೂ ಸಮಗೊಳಿಸಿಕೊಂಡುದನ್ನು ಫಿಶರ್ ಬಹಿರಂಗವಾಗಿಯೇ ಆಕ್ಷೇಪಿಸಿದರು. ಮುಂದಿನ ಸಲ ಸಂಸ್ಥೆಯು ಇಬ್ಬಿಬ್ಬರ ಪಂದ್ಯಗಳ ಕ್ರಮವನ್ನೇ ತಂದಿತು. ಕೊನೆಗೆ ಇಪ್ಪತ್ತೇಳನೆಯ ಸುತ್ತಿನಲ್ಲಿ, ಅದುವರೆಗೆ ತಾವು ಸೋಲಿಸುತ್ತಲೇ ಬಂದಿದ್ದ ಬೆಂಕೊಗೆ ಕೆರೆಸ್ ಸೋತರು. ಪೆಟ್ರೋಸಿಯನ್‌ರಿಗೆ 17½, ಕೆರೆಸ್‌ರಿಗೆ 17. ಅರ್ಧಾಂಕವೇ ಪಟ್ಟಕ್ಕೂ ಅವರಿಗೂ ನಡುವಿನ ಕಂದಕವಾಯಿತು.

ಆದರೂ ಅವರು ಆಟವನ್ನು ಬಿಡಲಿಲ್ಲ, ಕಹಿಯಾಗಲಿಲ್ಲ. ಕಾಪಬ್ಲಾಂಕರಿಂದ ಫಿಶರ್‌ರವರೆಗೆ ಒಂಬತ್ತು ಮಂದಿ ಜಗಜ್ಜೇತರನ್ನು ಒಂದಲ್ಲ ಒಂದು ಆಟದಲ್ಲಿ ಗೆದ್ದರು. ಆಟದ ಅಂತ್ಯಘಟ್ಟವನ್ನು ಕುರಿತು ಬೋಧಪ್ರದವಾದ ಗ್ರಂಥವನ್ನು ರಚಿಸಿದರು. 1975ರಲ್ಲಿ ವ್ಯಾಂಕೂವರಿನ ಪಂದ್ಯಾವಳಿಯನ್ನು ಗೆದ್ದು ಹಿಂದಿರುಗುವಾಗ, ಜೂನ್ 5ರಂದು ಹೆಲ್ಸಿಂಕಿಯಲ್ಲಿ ಹೃದಯಾಘಾತದಿಂದ ಅಸುನೀಗಿದರು. ಆಗ ಅವರ ಪ್ರಾಯ ಐವತ್ತೊಂಬತ್ತು. ಟಾಲಿನ್ ನಗರದ ಅಂತ್ಯಯಾತ್ರೆಗೆ ಜನಸಾಗರವೇ ಹರಿದುಬಂದಿತು. ಸ್ವತಂತ್ರವಾದ ಎಸ್ಟೋನಿಯವು 1992ರಲ್ಲಿ ಐದು ಕ್ರೂನಿನ ನೋಟಿನ ಮೇಲೆ ಅವರ ಭಾವಚಿತ್ರವನ್ನು ಮುದ್ರಿಸಿತು.

ವಿದ್ಯಾಶಾಲೆಗಳಲ್ಲಿ ನಾವು ಪ್ರಥಮ ಸ್ಥಾನ ಪಡೆದವರ ಹೆಸರುಗಳನ್ನು ಫಲಕಗಳ ಮೇಲೆ ಬರೆಸುತ್ತೇವೆ. ಅರ್ಧಾಂಕದಿಂದ ಹಿಂದುಳಿದ ಮಗುವಿನ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಕಾಯಕವನ್ನೇ ಕೈಲಾಸವೆಂದು ಬಗೆದ ಶರಣರ ನಾಡಿನವರಾದ ನಾವು, ಫಲ ಕೈತಪ್ಪಿದರೂ ಕಾಯಕದಲ್ಲಿ ನಿಷ್ಠೆಯಿಂದಿದ್ದ ಈ ಪರದೇಶೀಯನನ್ನು ನೆನೆಯುವುದು ಉಚಿತ. ಪಟ್ಟವನ್ನು ಗೆದ್ದವರು ಹಲವರಿದ್ದಾರೆ. ಪಟ್ಟವಿಲ್ಲದೆಯೇ ಒಂದು ನಾಡಿನ ಮನೆಮನೆಯಲ್ಲಿ ನೆಲಸಿದವರು ವಿರಳ.