ಕಣಜವನ್ನೂ ಗಡಿಯನ್ನೂ ಕಾಯ್ದ ಬಾಬೂಜಿ



ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಕೊಡಬೇಕು ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ಎಸ್.ಎಸ್.ಎಲ್.ಸಿ. ಮುಗಿಸಿ ಹೊಲ ಹಿಡಿದ ನಾನು ಏನು ಬರೆಯಲಿ ಅಂತ ಯೋಚನೆಗೆ ಬಿದ್ದೆ. ಮಾರನೇ ದಿನ ಗೋದಾಮಿನಲ್ಲಿ ಯೂರಿಯಾ ಮೂಟೆ ಎಣಿಸುವಾಗ ಮೂಟೆಯ ಮೇಲಿನ ಇಫ್ಕೋ ಹೆಸರು ಕಣ್ಣಿಗೆ ಬಿತ್ತು. ಇಫ್ಕೋ ಅನ್ನುವುದು ಸಹಕಾರ ಸಂಘಗಳೇ ಸೇರಿ 1967ರ ನವೆಂಬರ್ 3ರಂದು ಕಟ್ಟಿಕೊಂಡ ಸಂಸ್ಥೆ. ಆಗ ದೆಹಲಿಯಲ್ಲಿ ಆಹಾರ, ಕೃಷಿ, ಸಮುದಾಯ ಅಭಿವೃದ್ಧಿ, ಸಹಕಾರ ಇಷ್ಟೂ ಖಾತೆಗಳನ್ನು ಹೊತ್ತಿದ್ದ ಮಂತ್ರಿ ಬಾಬು ಜಗಜೀವನರಾಂ. ಅವರ ಜೊತೆ ರಾಜ್ಯ ಮಂತ್ರಿಯಾಗಿ ಕೆಲಸ ಮಾಡಿದವರಲ್ಲಿ ನಮ್ಮ ಮೈಸೂರು ಸೀಮೆಯ ಎಂ.ಎಸ್. ಗುರುಪಾದಸ್ವಾಮಿಯವರೂ ಒಬ್ಬರು. ಮುಂದೆ ಇದೇ ಜಗಜೀವನರಾಂ ರಕ್ಷಣಾ ಮಂತ್ರಿಯಾಗಿದ್ದಾಗಲೇ 1971ರ ಯುದ್ಧ ನಡೆಯಿತು. ಕೃಷಿ ಖಾತೆ ಎರಡು ಸಲ, ರಕ್ಷಣಾ ಖಾತೆ ಎರಡು ಸಲ. ಕಣಜವನ್ನೂ ಗಡಿಯನ್ನೂ ಒಬ್ಬನೇ ಮನುಷ್ಯನ ಕೈಗೆ ದೇಶ ಕೊಟ್ಟಿತ್ತು. ಹಾಗಾಗಿ ಅವರ ಬಗ್ಗೆಯೇ ನಾಲ್ಕು ಮಾತು ಬರೆಯೋಣ ಅಂತ ಕೂತೆ.

ಜಗಜೀವನರಾಂ ಹುಟ್ಟಿದ್ದು 1908ರ ಏಪ್ರಿಲ್ 5ರಂದು, ಬಿಹಾರದ ಆರಾ ಪಟ್ಟಣದ ಹತ್ತಿರದ ಚಾಂದ್ವಾ ಎಂಬ ಹಳ್ಳಿಯಲ್ಲಿ. ಜಾತಿಯಿಂದ ಚಮ್ಮಾರರು. ತಂದೆ ಶೋಭಿರಾಂ ಬ್ರಿಟಿಷರ ಸೈನ್ಯದಲ್ಲಿದ್ದು ಪೇಶಾವರದಲ್ಲಿ ಕೆಲಸ ಮಾಡಿದವರು. ಮನಸ್ಸಿಗೆ ಒಗ್ಗದೆ ಅದನ್ನು ಬಿಟ್ಟು ಊರಿಗೆ ಬಂದು ಒಂದಿಷ್ಟು ಜಮೀನು ಕೊಂಡು ಬೇಸಾಯಕ್ಕೆ ನಿಂತರು. ಶಿವನಾರಾಯಣಿ ಪಂಥದ ಮಹಂತರೂ ಆಗಿದ್ದರು. ಅಂದರೆ ಸೈನಿಕನೂ ರೈತನೂ ಆಗಿದ್ದ ತಂದೆಯ ಮಗ ಇವರು. ಆದರೆ ಆ ತಂದೆ ಮಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡರು. ತಾಯಿ ವಾಸಂತಿದೇವಿಯೇ ಕಷ್ಟಪಟ್ಟು ಓದಿಸಿದರು.

ಆರಾ ಪಟ್ಟಣದ ಶಾಲೆಯಲ್ಲಿ ನಡೆದ ಒಂದು ಸಂಗತಿ ಎಲ್ಲರೂ ತಿಳಿಯಬೇಕಾದ್ದು. ಅಲ್ಲಿ ಹಿಂದೂ ಹುಡುಗರಿಗೆ ಒಂದು ನೀರಿನ ಮಡಕೆ, ಮುಸ್ಲಿಂ ಹುಡುಗರಿಗೆ ಒಂದು ಮಡಕೆ ಇತ್ತು. ಜಗಜೀವನರಾಂ ಹಿಂದೂಗಳ ಮಡಕೆಯಿಂದ ನೀರು ಕುಡಿದರೆಂದು ಗಲಾಟೆಯಾಗಿ, ಅಸ್ಪೃಶ್ಯರ ಹುಡುಗರಿಗೆಂದು ಮೂರನೇ ಮಡಕೆ ತಂದಿಟ್ಟರು. ಹುಡುಗ ಅದನ್ನು ಒಡೆದುಹಾಕಿದ. ಇನ್ನೊಂದು ತಂದಿಟ್ಟರು, ಅದನ್ನೂ ಒಡೆದ. ಕೊನೆಗೆ ಹೆಡ್‌ಮಾಸ್ತರರು ಆ ಬೇರೆ ಮಡಕೆ ಇಡುವುದನ್ನೇ ಬಿಟ್ಟರು. ನಮ್ಮ ಕಡೆ ಹೋಟೆಲುಗಳಲ್ಲಿ ಗೂಟಕ್ಕೆ ಸಿಕ್ಕಿಸಿದ ಬೇರೆ ಲೋಟ ಇರುತ್ತಿದ್ದುದನ್ನು ನೋಡಿದ ಹಿರಿಯರು ಈಗಲೂ ಇದ್ದಾರೆ, ಆದ್ದರಿಂದ ಇದು ಬಿಹಾರದ ಕಥೆ ಮಾತ್ರ ಅಂತ ನಾವು ಹೇಳುವ ಹಾಗಿಲ್ಲ.

1925ರಲ್ಲಿ ಆರಾಕ್ಕೆ ಬಂದಿದ್ದ ಪಂಡಿತ ಮದನಮೋಹನ ಮಾಳವೀಯರು ಈ ಹುಡುಗ ಓದಿದ ಸ್ವಾಗತ ಭಾಷಣ ಕೇಳಿ ಮೆಚ್ಚಿ, ಕಾಶಿ ವಿಶ್ವವಿದ್ಯಾಲಯಕ್ಕೆ ಬಾ ಎಂದು ಕರೆದರು. ಹೋದರೆ ಅಲ್ಲಿಯೂ ಅದೇ ಪಾಡು. ಹಾಸ್ಟೆಲಿನ ಆಳುಗಳು ಊಟ ಬಡಿಸಲು ಒಪ್ಪಲಿಲ್ಲ, ಕ್ಷೌರದವರು ತಲೆ ಮುಟ್ಟಲಿಲ್ಲ. ಕಲ್ಕತ್ತಾಕ್ಕೆ ಹೋಗಿ 1931ರಲ್ಲಿ ಬಿ.ಎಸ್ಸಿ. ಪಾಸಾದರು. ಅಲ್ಲಿದ್ದಾಗಲೇ ಕೂಲಿ ಕಾರ್ಮಿಕರ ಸಭೆ ಸೇರಿಸಿ ಸುಭಾಷ್‌ಚಂದ್ರ ಬೋಸರ ಕಣ್ಣಿಗೆ ಬಿದ್ದಿದ್ದರು. 1937ರಲ್ಲಿ ಬಿಹಾರದಲ್ಲಿ ಖೇತಿಹರ ಮಜ್ದೂರ್ ಸಭಾ ಎಂಬ ಕೃಷಿ ಕೂಲಿಕಾರರ ಸಂಘಟನೆ ಕಟ್ಟಿದರು. 1940ರಲ್ಲಿ ಒಂದು ಸಲ, 1942ರ ಚಳವಳಿಯಲ್ಲಿ ಇನ್ನೊಂದು ಸಲ ಜೈಲಿಗೆ ಹೋದರು. 1946ರ ಸೆಪ್ಟೆಂಬರಿನಲ್ಲಿ ನೆಹರೂ ಅವರ ಮಧ್ಯಂತರ ಸರ್ಕಾರ ಬಂದಾಗ ಕಾರ್ಮಿಕ ಮಂತ್ರಿಯಾದರು, ವಯಸ್ಸು 38, ಆ ಮಂತ್ರಿಮಂಡಲದಲ್ಲಿ ಎಲ್ಲರಿಗಿಂತ ಕಿರಿಯರು. 1948ರ ಕನಿಷ್ಠ ಕೂಲಿ ಕಾಯ್ದೆ ಅವರ ಕಾಲದ್ದೇ. ಆಮೇಲೆ ಅಂಚೆ ತಂತಿ, ರೈಲ್ವೆ, ಸಾರಿಗೆ ಹೀಗೆ ಅನೇಕ ಖಾತೆಗಳು. 1963ರಲ್ಲಿ ಕಾಮರಾಜ್ ಯೋಜನೆಯಂತೆ ರಾಜೀನಾಮೆ ಕೊಟ್ಟು, 1966ರಲ್ಲಿ ಮತ್ತೆ ಮಂತ್ರಿಯಾದರು. ಇವನ್ನೆಲ್ಲ ಬಿಡಿಸಿ ಬರೆದರೆ ಸಂಚಿಕೆಯ ಪುಟ ಸಾಲದು, ನನ್ನ ವಿಷಯ ಮುಂದಿನದು.

1965, 1966 ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಬಿಹಾರದಲ್ಲಿ ಘೋರ ಕ್ಷಾಮ. 1966ರಲ್ಲಿ ಹೊರದೇಶದಿಂದ ಒಂದು ಕೋಟಿ ಟನ್ನಿಗೂ ಮೇಲೆ ಧಾನ್ಯ ತರಿಸಬೇಕಾಯಿತು. ಅದರಲ್ಲಿ ಹೆಚ್ಚಿನದು ಅಮೆರಿಕದ ಪಿ.ಎಲ್. 480 ಗೋಧಿ. ಅಮೆರಿಕದ ಅಧ್ಯಕ್ಷ ಜಾನ್ಸನ್ನರು ಆ ಗೋಧಿಯನ್ನು ಒಮ್ಮೆಗೇ ಕೊಡದೆ, ನಮ್ಮ ಸರ್ಕಾರ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ನೋಡಿ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು. ನಮ್ಮ ಹಿರಿಯರು ಈಗಲೂ ಕೆಂಪು ಜೋಳ ತಿಂದ ಕಾಲ ಅಂತ ಹೇಳುವುದು, ಶಾಲೆಯಲ್ಲಿ ಅಮೆರಿಕದ ಹಾಲಿನ ಪುಡಿ, ಗೋಧಿ ಉಪ್ಪಿಟ್ಟು ತಿಂದದ್ದನ್ನು ನೆನೆಯುವುದು ಆ ದಿನಗಳನ್ನೇ. ತಿಂದವರಿಗೆ ರುಚಿ ನೆನಪಿದೆ. ಆದರೆ ಊಟ ಹಾಕುವವನು ಯಾವಾಗ ಬೇಕಾದರೂ ತಟ್ಟೆ ಎಳೆದುಕೊಳ್ಳಬಹುದು ಅನ್ನುವ ಹೆದರಿಕೆ ದೆಹಲಿಯಲ್ಲಿ ಕೂತವರಿಗೆ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ, 1967ರ ಮಾರ್ಚಿನಲ್ಲಿ, ಜಗಜೀವನರಾಂ ಆಹಾರ ಮತ್ತು ಕೃಷಿ ಮಂತ್ರಿಯಾದರು. ಇಲ್ಲಿ ನ್ಯಾಯವಾಗಿ ಇನ್ನೊಬ್ಬರ ಹೆಸರು ಹೇಳಲೇಬೇಕು. ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿ ಗೋಧಿ ಬೀಜ ತರಿಸುವ ಧೈರ್ಯ ಮಾಡಿದವರು, ಆಹಾರ ನಿಗಮಕ್ಕೂ ಬೆಲೆ ಆಯೋಗಕ್ಕೂ 1965ರಲ್ಲಿ ಅಡಿಪಾಯ ಹಾಕಿದವರು ಇವರಿಗಿಂತ ಮೊದಲಿದ್ದ ಮಂತ್ರಿ ಸಿ. ಸುಬ್ರಹ್ಮಣ್ಯಂ. ಅವರು 1967ರ ಚುನಾವಣೆಯಲ್ಲಿ ಸೋತುಹೋದರು. ಬೀಜ ಬಿತ್ತಿದವರು ಒಬ್ಬರು, ಬೆಳೆ ಕಾಯ್ದು ಮನೆಗೆ ತಂದವರು ಇನ್ನೊಬ್ಬರು. ಬಿತ್ತನೆ ಆದ ಮೇಲೆ ಕಳೆ, ನೀರು, ಗೊಬ್ಬರ ನೋಡಿಕೊಳ್ಳದಿದ್ದರೆ ಹೊಲ ಏನಾಗುತ್ತದೆ ಅಂತ ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬಂದ ಹೊಸ ಮಂತ್ರಿ ಹಳೆಯವರ ಕೆಲಸ ಅಳಿಸಿ ತನ್ನ ಹೆಸರು ಬರೆದುಕೊಳ್ಳುವುದು ರಾಜಕೀಯದಲ್ಲಿ ವಾಡಿಕೆ. ಇವರು ಹಾಗೆ ಮಾಡದೆ ಆ ಕಾರ್ಯಕ್ರಮವನ್ನು ಹಾಗೇ ಮುಂದುವರಿಸಿದರು. ನನ್ನ ಮಟ್ಟಿಗೆ ಅವರ ದೊಡ್ಡತನ ಅಲ್ಲೇ ಇದೆ.

ಹಳೆಯ ಉದ್ದ ಗೋಧಿಗೆ ಗೊಬ್ಬರ ಹೆಚ್ಚು ಹಾಕಿದರೆ ತೆನೆಯ ಭಾರಕ್ಕೆ ನೆಲಕ್ಕೆ ಒರಗುತ್ತಿತ್ತು. ಗಿಡ್ಡ ತಳಿ ನಿಂತೇ ಇರುತ್ತಿತ್ತು. ಆದರೆ ಅದಕ್ಕೆ ಹೊತ್ತಿಗೆ ಸರಿಯಾಗಿ ನೀರು ಬೇಕು, ಗೊಬ್ಬರ ಬೇಕು. ಗೊಬ್ಬರಕ್ಕೆ ಕೈಯಲ್ಲಿ ಕಾಸು ಬೇಕು, ಕಾಸಿಗೆ ಸಾಲ ಬೇಕು, ಸಾಲಕ್ಕೆ ನಮ್ಮಂಥ ಸಂಘ ಬೇಕು. ಬೆಳೆದ ಮೇಲೆ ಬೆಲೆ ಬಿದ್ದುಹೋದರೆ ಮುಂದಿನ ವರ್ಷ ಆ ಬೀಜವನ್ನು ಯಾವ ರೈತನೂ ಮುಟ್ಟುವುದಿಲ್ಲ, ಅದಕ್ಕೆ ಸರ್ಕಾರವೇ ನಿಗದಿ ಬೆಲೆಗೆ ಕೊಳ್ಳಬೇಕು, ಕೊಂಡದ್ದನ್ನು ಇಡಲು ಗೋದಾಮು ಬೇಕು. ಇಷ್ಟೂ ಒಂದೇ ಸರಪಳಿ. ಒಂದು ಕೊಂಡಿ ಬಿಚ್ಚಿದರೂ ಉಳಿದದ್ದು ದಂಡ. 1968ರಲ್ಲಿ ಪಂಜಾಬಿನ ಕಡೆ ಗೋಧಿ ಎಷ್ಟು ಬಂತೆಂದರೆ ಮಂಡಿಗಳಲ್ಲಿ ಜಾಗ ಸಾಲದೆ ಶಾಲೆಗಳಿಗೆ ರಜೆ ಕೊಟ್ಟು ಅಲ್ಲಿ ತುಂಬಿಸಿದರು. ಆ ವರ್ಷ ಸರ್ಕಾರ ಗೋಧಿ ಕ್ರಾಂತಿಯ ಅಂಚೆ ಚೀಟಿಯನ್ನೇ ಹೊರಡಿಸಿತು. 1966-67ರಲ್ಲಿ ಸುಮಾರು 1 ಕೋಟಿ 14 ಲಕ್ಷ ಟನ್ ಇದ್ದ ಗೋಧಿ 1970-71ಕ್ಕೆ 2 ಕೋಟಿ 38 ಲಕ್ಷ ಟನ್ ಆಯಿತು. ಒಟ್ಟು ಆಹಾರ ಧಾನ್ಯ 7 ಕೋಟಿ 40 ಲಕ್ಷ ಟನ್ನಿನಿಂದ 10 ಕೋಟಿ 80 ಲಕ್ಷ ಟನ್ನಿಗೆ ಏರಿತು. ನಮ್ಮ ಗದ್ದೆಗಳಿಗೆ ಐಆರ್-8, ಜಯ ಭತ್ತ ಬಂದದ್ದೂ ಆ ಕಾಲದಲ್ಲೇ. ಇದರ ಲಾಭ ನೀರಾವರಿ ಇದ್ದವರಿಗೆ ಸಿಕ್ಕಷ್ಟು ಮಳೆ ನಂಬಿದ ಹೊಲದವರಿಗೆ ಸಿಗಲಿಲ್ಲ ಅನ್ನುವ ದೂರು ಇದೆ, ಅದು ಸುಳ್ಳಲ್ಲ.

1970ರ ಜೂನಿನಲ್ಲಿ ಅವರನ್ನು ರಕ್ಷಣಾ ಖಾತೆಗೆ ಬದಲಾಯಿಸಿದರು. ಒಂದು ವರ್ಷದೊಳಗೆ ಪೂರ್ವ ಪಾಕಿಸ್ತಾನದಲ್ಲಿ ಮಾರಣಹೋಮ ಶುರುವಾಗಿ ಸುಮಾರು ಒಂದು ಕೋಟಿ ಜನ ನಿರಾಶ್ರಿತರು ಗಡಿ ದಾಟಿ ಬಂದರು. ಹೊರಗಿನ ನೆರವು ಒಂದಿಷ್ಟು ಬಂತು, ಹೆಚ್ಚಿನ ಭಾರ ನಮ್ಮ ಮೇಲೇ ಬಿತ್ತು. ಐದು ವರ್ಷ ಮೊದಲಾಗಿದ್ದರೆ ಗತಿ ಏನಾಗುತ್ತಿತ್ತೋ! ಈ ಸಲ ಕಣಜದಲ್ಲಿ ಕಾಳಿತ್ತು. ಸೈನ್ಯದ ಮುಖ್ಯಸ್ಥ ಮಾಣೆಕ್ ಷಾ ಅವರು ಮುಂದೆ ಹೇಳಿಕೊಂಡ ಪ್ರಕಾರ, ಏಪ್ರಿಲಿನಲ್ಲೇ ಯುದ್ಧಕ್ಕೆ ಹೊರಡಲು ಆಗುವುದಿಲ್ಲ ಎನ್ನುವುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಪಂಜಾಬ್ ಹರಿಯಾಣದ ಗೋಧಿ ಕಟಾವೂ ಒಂದು. ಸೈನ್ಯ ಸಾಗಿಸಲು ರೈಲೆಲ್ಲ ಹಿಡಿದರೆ ಧಾನ್ಯ ಸಾಗಿಸುವುದು ಯಾವುದರಲ್ಲಿ? ಇನ್ನೊಂದು ಕಾರಣ ಮಳೆಗಾಲ, ಆ ಸೀಮೆಯಲ್ಲಿ ಹೊಳೆಗಳು ಸಮುದ್ರದ ಹಾಗೆ ಆಗುತ್ತವೆ. ಕೃಷಿ ಖಾತೆಯಿಂದ ಬಂದ ರಕ್ಷಣಾ ಮಂತ್ರಿಗೆ ಕಟಾವು ಅಂದರೇನು, ರೈಲು ವ್ಯಾಗನ್ನು ಅಂದರೇನು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ರೈಲ್ವೆಯನ್ನೂ ಅವರು ನಡೆಸಿದ್ದರಲ್ಲ. ಕಾದರು, ಅಣಿಮಾಡಿಕೊಂಡರು. ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಮುಗಿಯಿತು. ಸುಮಾರು 93,000 ಜನ ಶರಣಾದರು, ಬಾಂಗ್ಲಾದೇಶ ಹುಟ್ಟಿತು. ಅಮೆರಿಕ ತನ್ನ ಯುದ್ಧ ನೌಕೆಗಳನ್ನೇ ಬಂಗಾಳ ಕೊಲ್ಲಿಗೆ ಕಳಿಸಿತ್ತು, ಆದರೆ ಗೋಧಿ ನಿಲ್ಲಿಸುತ್ತೇವೆ ಎಂದು ಹೆದರಿಸುವ ಕಾಲ ಮುಗಿದಿತ್ತು.

ಯುದ್ಧ ಗೆದ್ದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ, ಸತ್ತವರ ಮನೆಯ ಕಡೆ ಯಾರೂ ನೋಡುವುದಿಲ್ಲ. ಆ ಯುದ್ಧದಲ್ಲಿ ಮಡಿದವರ ಹೆಂಡತಿ ಮಕ್ಕಳಿಗೆ ಮೊದಲಿಗಿಂತ ಉದಾರವಾದ ಪೆನ್ಷನ್ ಆದೇಶ 1972ರಲ್ಲಿ ಹೊರಟದ್ದು ಜಗಜೀವನರಾಂ ಅವರ ಖಾತೆಯಿಂದ. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಹಳ್ಳಿಗಳಿಗೆ ಅದರ ಬೆಲೆ ಗೊತ್ತು.

1974ರ ಅಕ್ಟೋಬರಿನಲ್ಲಿ ಮತ್ತೆ ಕೃಷಿ, ಈ ಸಲ ನೀರಾವರಿಯೂ ಜೊತೆಗೆ. ಬರ, ಬೆಲೆ ಏರಿಕೆಯಿಂದ ದೇಶ ಕಂಗಾಲಾಗಿದ್ದ ಕಾಲ. 1975-76ರಲ್ಲಿ ಮಳೆಯೂ ಕೈಹಿಡಿದು ಧಾನ್ಯ 12 ಕೋಟಿ ಟನ್ ದಾಟಿತು. ಕೃಷ್ಣಾ ನೀರಿನಲ್ಲಿ ಕರ್ನಾಟಕಕ್ಕೆ 700 ಟಿ.ಎಂ.ಸಿ. ಎಂದು ಬಚಾವತ್ ನ್ಯಾಯಮಂಡಳಿ ಕೊಟ್ಟ ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾದದ್ದು 1976ರ ಮೇ 31ರಂದು, ಇವರ ಇಲಾಖೆಯಿಂದಲೇ.

ಇನ್ನು ಅವರ ತಪ್ಪುಗಳನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಮೋಸ. ಹತ್ತು ವರ್ಷ ಆದಾಯ ತೆರಿಗೆ ಲೆಕ್ಕ ಸಲ್ಲಿಸಿರಲಿಲ್ಲ ಎಂಬುದು ಹೊರಬಿದ್ದು ದೊಡ್ಡ ಸುದ್ದಿಯಾಗಿತ್ತು. ಮಂತ್ರಿಗಳು ಮರೆತಿದ್ದರು ಅನ್ನುವುದೇ ಅದಕ್ಕೆ ಬಂದ ಸಮಜಾಯಿಷಿ. ನಮ್ಮ ಸಂಘದಲ್ಲಿ ಸುಸ್ತಿದಾರರು ಮರೆತೆ ಅಂದರೆ ಕಾರ್ಯದರ್ಶಿಗಳು ಸುಮ್ಮನೆ ಬಿಡುತ್ತಾರೆಯೇ? ಅದಕ್ಕಿಂತ ದೊಡ್ಡದು, 1975ರಲ್ಲಿ ತುರ್ತುಪರಿಸ್ಥಿತಿಗೆ ಒಪ್ಪಿಗೆ ಕೇಳುವ ನಿರ್ಣಯವನ್ನು ಲೋಕಸಭೆಯಲ್ಲಿ ಮಂಡಿಸಿದವರು ಅವರೇ. ಒಂದೂವರೆ ವರ್ಷಕ್ಕೂ ಮೇಲೆ ಆ ಸರ್ಕಾರದಲ್ಲೇ ಇದ್ದು, ಚುನಾವಣೆ ಘೋಷಣೆಯಾದ ಮೇಲೆ 1977ರ ಫೆಬ್ರುವರಿ 2ರಂದು ಕಾಂಗ್ರೆಸ್ ಬಿಟ್ಟು ಹೊರಬಂದರು. ಅಷ್ಟು ದಿನ ಯಾಕೆ ಕಾದರು ಅನ್ನುವ ಪ್ರಶ್ನೆ ನನಗೂ ಇದೆ. ಆದರೆ ಅವರು ಬಂದ ಮೇಲೆ ಚುನಾವಣೆಯ ಗಾಳಿಯೇ ತಿರುಗಿತು. ದೆಹಲಿಯ ರಾಮಲೀಲಾ ಮೈದಾನದ ಸಭೆಗೆ ಜನ ಹೋಗಬಾರದೆಂದು ಆ ಸಂಜೆ ಟಿ.ವಿ.ಯಲ್ಲಿ ಬಾಬಿ ಸಿನಿಮಾ ಹಾಕಿದರಂತೆ, ಜನ ಸಿನಿಮಾ ಬಿಟ್ಟು ಸಭೆಗೇ ಹೋದರು.

ಜನತಾ ಪಕ್ಷ ಗೆದ್ದಾಗ ಪ್ರಧಾನಿ ಪಟ್ಟ ಮೊರಾರ್ಜಿ ದೇಸಾಯಿಯವರಿಗೆ ಹೋಯಿತು. ಮುನಿಸಿಕೊಂಡು ಕೆಲವು ದಿನ ದೂರ ನಿಂತು, ಆಮೇಲೆ ರಕ್ಷಣಾ ಖಾತೆ ವಹಿಸಿಕೊಂಡರು. ಜಾಗ್ವಾರ್ ವಿಮಾನ ಕೊಳ್ಳುವ ತೀರ್ಮಾನ 1978ರಲ್ಲಿ ಆಯಿತು, ಮುಂದೆ ಅವು ನಮ್ಮ ಬೆಂಗಳೂರಿನ ಎಚ್.ಎ.ಎಲ್.ನಲ್ಲೂ ತಯಾರಾದವು. ಅದೇ 1978ರ ಜನವರಿಯಲ್ಲಿ ಕಾಶಿಯಲ್ಲಿ ಸಂಪೂರ್ಣಾನಂದರ ಪ್ರತಿಮೆಯನ್ನು ಅವರಿಂದ ಅನಾವರಣ ಮಾಡಿಸಿದರು. ಅವರು ಹೋದ ಮೇಲೆ ಕೆಲವರು ಮೈಲಿಗೆಯಾಯಿತೆಂದು ಆ ಪ್ರತಿಮೆಯನ್ನು ಗಂಗಾಜಲದಿಂದ ತೊಳೆದರು. ಭೂಸೇನೆ, ನೌಕಾಪಡೆ, ವಿಮಾನ ಪಡೆ ಮೂರರ ಹೊಣೆ ಹೊತ್ತ ಮಂತ್ರಿ, ಎಪ್ಪತ್ತು ತುಂಬುತ್ತಿದ್ದ ಮನುಷ್ಯ. ಹುಡುಗನಾಗಿ ಓದಲು ಹೋದ ಊರು ಅದು. ಇದನ್ನು ಬರೆಯುವಾಗ ನನ್ನ ಕೈ ಒಂದು ಗಳಿಗೆ ನಿಂತಿತು.

1979ರ ಜನವರಿಯಲ್ಲಿ ಉಪಪ್ರಧಾನಿಯೂ ಆದರು. ಆ ಜುಲೈನಲ್ಲಿ ಮೊರಾರ್ಜಿ ಸರ್ಕಾರ ಬಿತ್ತು, ಚರಣಸಿಂಗರು ಬಂದು ಆಗಸ್ಟ್ 20ಕ್ಕೆ ರಾಜೀನಾಮೆ ಕೊಟ್ಟರು. ಜನತಾ ಪಕ್ಷದ ನಾಯಕರಾಗಿದ್ದ ಜಗಜೀವನರಾಂ ಅವರನ್ನು ಸರ್ಕಾರ ರಚಿಸಲು ರಾಷ್ಟ್ರಪತಿ ಸಂಜೀವರೆಡ್ಡಿಯವರು ಕರೆಯಲಿಲ್ಲ, ಆಗಸ್ಟ್ 22ರಂದು ಲೋಕಸಭೆಯನ್ನೇ ವಿಸರ್ಜಿಸಿದರು. ಇದಕ್ಕೆ ಹತ್ತು ವರ್ಷ ಹಿಂದೆ, 1969ರ ಜುಲೈನಲ್ಲಿ, ನಮ್ಮ ಬೆಂಗಳೂರಿನಲ್ಲೇ ಕಾಂಗ್ರೆಸ್ಸಿನವರು ಸೇರಿ ರಾಷ್ಟ್ರಪತಿ ಚುನಾವಣೆಗೆ ಸಂಜೀವರೆಡ್ಡಿಯವರ ಹೆಸರು ಆರಿಸಿದಾಗ, ಇಂದಿರಾ ಗಾಂಧಿಯವರು ಮುಂದಿಟ್ಟಿದ್ದ ಹೆಸರು ಜಗಜೀವನರಾಂ ಅವರದು. ಎರಡು ಸಲವೂ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. 1980ರ ಚುನಾವಣೆಯಲ್ಲಿ ಜನತಾ ಪಕ್ಷ ಅವರನ್ನೇ ಪ್ರಧಾನಿ ಅಭ್ಯರ್ಥಿ ಎಂದು ಸಾರಿ ಹೀನಾಯವಾಗಿ ಸೋತಿತು. ಸಾಸಾರಾಂ ಕ್ಷೇತ್ರದ ಜನ ಮಾತ್ರ ಅವರನ್ನು ಕೈಬಿಡಲಿಲ್ಲ.

1986ರ ಜುಲೈ 6ರಂದು ತೀರಿಕೊಂಡಾಗಲೂ ಅವರು ಲೋಕಸಭಾ ಸದಸ್ಯರೇ. 1936ರಲ್ಲಿ ಬಿಹಾರದ ವಿಧಾನ ಪರಿಷತ್ತಿಗೆ ಹೋದಲ್ಲಿಂದ ಲೆಕ್ಕ ಹಾಕಿದರೆ ಐವತ್ತು ವರ್ಷವಾಗಿತ್ತು. ಮಗಳು ಮೀರಾ ಕುಮಾರ್ ಅವರು 2009ರಲ್ಲಿ ಲೋಕಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದರು. ನಮ್ಮ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮಕ್ಕೆ ಬಾಬೂಜಿಯವರ ಹೆಸರಿದೆ. ಏಪ್ರಿಲ್ 5ರಂದು ಸರ್ಕಾರಿ ಕಚೇರಿಗಳಲ್ಲಿ ಅವರ ಫೋಟೋಕ್ಕೆ ಹಾರ ಹಾಕುತ್ತಾರೆ. ನಮ್ಮ ಸಂಘದಲ್ಲಿ ಅವರ ಫೋಟೋ ಇರಲಿಲ್ಲ. ಈ ಲೇಖನ ಬರೆಯುತ್ತಿದ್ದಾಗ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಎತ್ತಿದೆ, ಒಬ್ಬರೂ ಬೇಡ ಅನ್ನಲಿಲ್ಲ. ರಜತ ಮಹೋತ್ಸವದ ಹೊತ್ತಿಗೆ ಕಟ್ಟು ಹಾಕಿಸಿ ತರುತ್ತೇವೆ.