ಡೆಪ್ಯುಟಿ ಚೆನ್ನಬಸಪ್ಪನವರು

ಮನುಷ್ಯನು ಏರಿದ ಹುದ್ದೆಯ ಹೆಸರು ಸಾಮಾನ್ಯವಾಗಿ ಅವನ ನಿವೃತ್ತಿಯೊಡನೆ ಮರೆಯಾಗುತ್ತದೆ. ಹುದ್ದೆಯೇ ಹೆಸರಿಗೆ ಬಿರುದಾಗಿ ನಿಂತು, ಶತಮಾನ ಕಳೆದರೂ ಜನರ ಬಾಯಲ್ಲಿ ಉಳಿಯುವುದು ಅಪರೂಪ. ಅಂಥ ಭಾಗ್ಯ ಪಡೆದವರು ಪ್ರಾತಃಸ್ಮರಣೀಯರಾದ ಡೆಪ್ಯುಟಿ ಚೆನ್ನಬಸಪ್ಪನವರು. ಮುಂಬಯಿ ಕರ್ನಾಟಕದ ಮಕ್ಕಳು ತಾಯ್ನುಡಿಯಲ್ಲಿ ಅಕ್ಷರ ಕಲಿಯುವಂತಾದದ್ದು ಯಾರ ಯಾರ ಪರಿಶ್ರಮದಿಂದಲೋ, ಅವರಲ್ಲಿ ಚೆನ್ನಬಸಪ್ಪನವರ ಹೆಸರು ಮುಂದಿನ ಸಾಲಿನದು.

ಚೆನ್ನಬಸಪ್ಪನವರು ೧೮೩೪ರಲ್ಲಿ ಧಾರವಾಡದಲ್ಲಿ ಬಸಲಿಂಗಪ್ಪ ಮತ್ತು ತಿಮ್ಮವ್ವ ಎಂಬ ವೀರಶೈವ ದಂಪತಿಗಳ ಉದರದಲ್ಲಿ ಜನಿಸಿದರು. ಆಗ ಧಾರವಾಡ ಸೀಮೆಯ ಸ್ಥಿತಿ ವಿಚಿತ್ರವಾಗಿತ್ತು. ೧೮೧೮ರಲ್ಲಿ ಪೇಶವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆ ಮುಂಬಯಿ ಇಲಾಖೆಗೆ ಸೇರಿದ್ದರೂ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯ ಪ್ರಾಬಲ್ಯವೇ ಮುಂದುವರಿದಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮಗು ಆಡುವ ಮಾತು ಒಂದು, ಓದುವ ಮಾತು ಇನ್ನೊಂದು. ಬಾಲಕ ಚೆನ್ನಬಸಪ್ಪನ ಕಲಿಕೆಯೂ ಈ ರೀತಿಯಲ್ಲಿಯೇ ಆರಂಭವಾಯಿತು. ಆದರೆ ಕಲಿಯುವ ಹಂಬಲ ಅಷ್ಟಕ್ಕೆ ತೃಪ್ತಿ ಹೊಂದಲಿಲ್ಲ. ಇಂಗ್ಲಿಷ್ ವಿದ್ಯೆಯನ್ನು ಸಂಪಾದಿಸಬೇಕೆಂಬ ಛಲದಿಂದ ಅವರು ಮನೆಯವರಿಗೂ ತಿಳಿಸದೆ ಪುಣೆಗೆ ಕಾಲ್ನಡಿಗೆಯಲ್ಲಿ ಹೊರಟರು. ರೈಲುಮಾರ್ಗವಿಲ್ಲದ ಆ ದಿನಗಳಲ್ಲಿ ಧಾರವಾಡದಿಂದ ಪುಣೆ ಎಂದರೆ ಹಲವಾರು ದಿನಗಳ ದಾರಿ. ವಿದ್ಯೆಗಾಗಿ ಅಷ್ಟು ದೂರ ನಡೆದ ಹುಡುಗನೇ ಮುಂದೆ ಮಕ್ಕಳು ಅಷ್ಟು ದೂರ ನಡೆಯಬೇಕಾಗದಂತೆ ಊರೂರಿಗೆ ಶಾಲೆ ತರಲು ಶ್ರಮಿಸಿದ್ದು ಆ ಜೀವನದ ಸಾರ್ಥಕತೆ.

ಪುಣೆಯಿಂದ ಮರಳಿದ ಚೆನ್ನಬಸಪ್ಪನವರು ಶಿಕ್ಷಣ ಖಾತೆಯನ್ನು ಸೇರಿದರು. ೧೮೫೪ರ ಶಿಕ್ಷಣ ಸನ್ನದಿನ ತರುವಾಯ ಮುಂಬಯಿ ಇಲಾಖೆಯಲ್ಲಿ ಆ ಖಾತೆ ಆಗತಾನೆ ರೂಪುಗೊಂಡಿತ್ತು. ಧಾರವಾಡದ ನಾರ್ಮಲ್ ಸ್ಕೂಲಿನ, ಎಂದರೆ ಶಿಕ್ಷಕರನ್ನು ತಯಾರಿಸುವ ಶಾಲೆಯ, ಮುಖ್ಯಾಧ್ಯಾಪಕರ ಹೊಣೆ ಅವರ ಹೆಗಲಿಗೆ ಬಂದಿತು. ಊರೂರಿಗೆ ಕನ್ನಡ ಶಾಲೆ ಬೇಕೆಂದರೆ ಮೊದಲು ಕನ್ನಡ ಕಲಿಸಬಲ್ಲ ಶಿಕ್ಷಕರು ಬೇಕು. ಶಿಕ್ಷಕರು ಬೇಕೆಂದರೆ ಪಠ್ಯಪುಸ್ತಕಗಳು ಬೇಕು. ಈ ಮೂರೂ ಒಂದಕ್ಕೊಂದು ಕೊಂಡಿಯಾಗಿದ್ದವು. ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಗಳಾಗಿದ್ದ ರಸೆಲ್ ಸಾಹೇಬರು ಕನ್ನಡದ ಪಕ್ಷಪಾತಿಗಳು. ಅವರ ಬೆಂಬಲ ಮತ್ತು ಚೆನ್ನಬಸಪ್ಪನವರ ಉತ್ಸಾಹ ಒಂದಾದುದರಿಂದ ಮರಾಠಿ ಶಾಲೆಗಳು ಕನ್ನಡ ಶಾಲೆಗಳಾಗಿ ಮಾರ್ಪಡತೊಡಗಿದವು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದ ವಿದ್ವಾಂಸರು ಇದೇ ಕಾಲದಲ್ಲಿ, ಇದೇ ಕಾರ್ಯದಲ್ಲಿ ದುಡಿದವರು.

ಬೆಳಗಾವಿಯಲ್ಲಿ ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರರಾದಾಗ ಚೆನ್ನಬಸಪ್ಪನವರ ಕಾರ್ಯಕ್ಷೇತ್ರ ವಿಸ್ತಾರಗೊಂಡಿತು. ಶಾಲೆಗಳನ್ನು ತಪಾಸಣೆ ಮಾಡುವುದು, ಹಾಜರಿ ಪಟ್ಟಿ ನೋಡುವುದು, ಮಕ್ಕಳನ್ನು ಪರೀಕ್ಷಿಸುವುದು, ವರದಿ ಕಳುಹಿಸುವುದು ಇವು ಆ ಹುದ್ದೆಯ ಕೆಲಸಗಳು. ಇಷ್ಟನ್ನೇ ಮಾಡಿದ್ದರೂ ಸರಕಾರ ಸಂತೋಷಪಡುತ್ತಿತ್ತು. ಆದರೆ ಚೆನ್ನಬಸಪ್ಪನವರು ಹಳ್ಳಿಹಳ್ಳಿಗೆ ತಿರುಗಿ ಊರ ಪ್ರಮುಖರನ್ನು ಕಂಡು ಶಾಲೆಯ ಅಗತ್ಯವನ್ನು ಮನಗಾಣಿಸಿದರು; ತಂದೆತಾಯಿಗಳ ಮನವೊಲಿಸಿದರು. ಒಕ್ಕಲುತನದ ಮನೆಗೆ ಮಗುವಿನ ಕೈಯೂ ಒಂದು ಕೈ. ಬಿತ್ತನೆಯಲ್ಲಿ, ಸುಗ್ಗಿಯಲ್ಲಿ, ದನ ಕಾಯುವಲ್ಲಿ ಅದು ಬೇಕಾಗುತ್ತಿತ್ತು. ಓದಿದ ಮಗ ಹೊಲಕ್ಕೆ ಇಳಿಯಲಾರನೆಂಬ ಭಯವೂ ಹಿರಿಯರಲ್ಲಿತ್ತು. ಇಂಥವರೆದುರು ಸರಕಾರದ ಹುಕುಮು ನಡೆಯದು; ತಿಳಿದವರ ವಿಶ್ವಾಸದ ಮಾತು ಮಾತ್ರ ನಡೆಯುತ್ತದೆ. ಚೆನ್ನಬಸಪ್ಪನವರು ಆ ಮಾತಿನ ಬಲವನ್ನೇ ನೆಚ್ಚಿದರು.

ಆ ಕಾಲದ ಉತ್ತರ ಕರ್ನಾಟಕದಲ್ಲಿ ಶಾಲೆಗೆ ಮಠವೆಂದೇ ಹೆಸರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡಿಸುವ ಅಯ್ಯನವರ ಕೂಲಿಮಠಗಳೇ ಹಿಂದಿನ ವಿದ್ಯಾಲಯಗಳು. ಹೊಸ ಶಿಕ್ಷಣದ ಶಿಕ್ಷಕರಿಗೆ ಮಾರ್ಗದರ್ಶನ ಮಾಡಲು ೧೮೬೫ರಲ್ಲಿ ಹೊರಟ ಮಾಸಪತ್ರಿಕೆಗೆ ಮಠಪತ್ರಿಕೆ ಎಂಬ ಹೆಸರು ಬಂದದ್ದು ಇದರಿಂದಲೇ. ಚೆನ್ನಬಸಪ್ಪನವರು ಈ ಪತ್ರಿಕೆಯ ಹಿಂದಿನ ಶಕ್ತಿಯಾಗಿದ್ದರು. ದೂರದ ಹಳ್ಳಿಯಲ್ಲಿ ಒಬ್ಬಂಟಿಯಾಗಿ ಕಲಿಸುವ ಶಿಕ್ಷಕನಿಗೆ ಅದು ತಿಂಗಳಿಗೊಮ್ಮೆ ಬರುವ ಗೆಳೆಯನಂತಿತ್ತು. ಮುಂದೆ ಅದು ಶಾಲಾಪತ್ರಿಕೆಯಾಗಿ, ಆಮೇಲೆ ಜೀವನ ಶಿಕ್ಷಣವಾಗಿ ಹೆಸರು ಬದಲಿಸಿಕೊಂಡು ಒಂದೂವರೆ ಶತಮಾನವನ್ನು ದಾಟಿತು.

ಸಾಹಿತ್ಯದಲ್ಲಿಯೂ ಅವರ ಕೈ ಆಡಿತು. ಷೇಕ್ಸ್‌ಪಿಯರನ ದಿ ಕಾಮೆಡಿ ಆಫ್ ಎರರ್ಸ್ ನಾಟಕವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಅವರು ಕನ್ನಡಕ್ಕೆ ತಂದರು. ಆ ಮಹಾಕವಿಯ ಕೃತಿಗಳು ಕನ್ನಡಿಗರಿಗೆ ಪರಿಚಯವಾದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಕನ್ನಡದಲ್ಲಿ ಏನನ್ನೂ ಹೇಳಬಹುದು ಎಂಬ ಧೈರ್ಯವನ್ನು ಅಂಥ ಪುಸ್ತಕಗಳು ಓದುಗರಲ್ಲಿ ತುಂಬಿದವು.

೧೮೮೧ರಲ್ಲಿ, ಇನ್ನೂ ಐವತ್ತು ತುಂಬುವ ಮುನ್ನವೇ, ಚೆನ್ನಬಸಪ್ಪನವರು ಲಿಂಗೈಕ್ಯರಾದರು. ಆದರೆ ಬಿತ್ತಿದ ಬೀಜ ಹುಸಿಯಾಗಲಿಲ್ಲ. ೧೮೮೩ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು ಮತ್ತು ಅರಟಾಳ ರುದ್ರಗೌಡರು ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳ ನೆರವಿಗಾಗಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಉದಯಿಸಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ತಲೆಯೆತ್ತಿತು. ಕನ್ನಡದಲ್ಲಿ ಅಕ್ಷರ ಕಲಿತ ಒಂದು ಪೀಳಿಗೆ ಸಿದ್ಧವಾಗಿರದಿದ್ದರೆ ಈ ಕಾರ್ಯಗಳು ಕೈಗೂಡುವುದು ಕಷ್ಟವಿತ್ತು.

ಸೇಡಂ, ಚಿತ್ತಾಪುರ, ಚಿಂಚೋಳಿ, ಚಂದಾಪುರಗಳ ಸೀಮೆಗೆ ಆ ಭಾಗ್ಯ ತಡವಾಗಿ ಬಂದಿತು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಶಿಕ್ಷಣದ ಭಾಷೆಯಾಗಿತ್ತು. ಧಾರವಾಡದ ಮಗುವಿಗೆ ಮರಾಠಿ ಹೇಗೋ, ಇಲ್ಲಿಯ ಮಗುವಿಗೆ ಉರ್ದು ಹಾಗೆ. ೧೯೦೭ರಲ್ಲಿ ಕಲಬುರಗಿಯಲ್ಲಿ ಸ್ಥಾಪಿತವಾದ ನೂತನ ವಿದ್ಯಾಲಯದಂಥ ಸಂಸ್ಥೆಗಳೂ ಮಠಗಳೂ ವಿದ್ಯೆಯ ದೀಪವನ್ನು ಕಾಪಾಡಿದವು. ೧೯೪೮ರ ವಿಮೋಚನೆ ಮತ್ತು ೧೯೫೬ರ ಏಕೀಕರಣದ ನಂತರ ಕನ್ನಡ ಶಾಲೆ ಊರೂರಿಗೆ ಬಂದಿತು. ೨೦೦೨ರಲ್ಲಿ ಮಧ್ಯಾಹ್ನದ ಬಿಸಿಯೂಟದ ಯೋಜನೆ ಮೊದಲು ಆರಂಭವಾದದ್ದು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿಯೇ. ಅದಕ್ಕೆ ಅಕ್ಷರ ದಾಸೋಹವೆಂಬ ಹೆಸರು ಬಂದುದು ಶರಣರ ನಾಡಿಗೆ ಒಪ್ಪುವಂಥದು. ೨೦೦೯ರ ಕಾಯಿದೆ ಆರರಿಂದ ಹದಿನಾಲ್ಕರವರೆಗಿನ ಮಗುವಿನ ಕಲಿಕೆಯನ್ನು ಹಕ್ಕಾಗಿಸಿದೆ.

ಶಾಲೆ ಇದೆ, ಊಟವಿದೆ, ಕಾಯಿದೆಯೂ ಇದೆ. ಆದರೂ ತೊಗರಿಯ ರಾಶಿಯ ದಿನಗಳಲ್ಲಿ, ದುಡಿಮೆಗಾಗಿ ಮನೆಮಂದಿ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ತಿಂಗಳುಗಳಲ್ಲಿ, ತರಗತಿಯಲ್ಲಿ ಕೆಲವು ಜಾಗ ಬರಿದಾಗುತ್ತವೆ. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಬಾಲಕಿ ವಾರ ಕಳೆದು ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಅರ್ಥವಾಗದ ಪಾಠ ಬೇಸರ ತರುತ್ತದೆ, ಬೇಸರ ಮತ್ತೆ ಗೈರುಹಾಜರಿ ತರುತ್ತದೆ. ಹಾಜರಿ ಪಟ್ಟಿಯ ಒಂದು ಚಿಕ್ಕ ಗುರುತು ಹೀಗೆ ಒಂದು ಬಾಳಿನ ದಿಕ್ಕನ್ನೇ ತಿರುಗಿಸಬಲ್ಲದು. ಇದಕ್ಕೆ ಔಷಧ ಚೆನ್ನಬಸಪ್ಪನವರು ತೋರಿದ್ದೇ ಆಗಿದೆ: ಬಾರದ ಮಗುವಿನ ಮನೆಗೆ ಶಿಕ್ಷಕನೇ ಹೋಗುವುದು, ದಂಡದ ಮಾತಿಗೆ ಬದಲು ವಿಶ್ವಾಸದ ಮಾತನಾಡುವುದು.

ಕಾಯಕವನ್ನೇ ಕೈಲಾಸವೆಂದು ನಂಬಿದ ಶರಣಪರಂಪರೆಯಲ್ಲಿ ಸರಕಾರದ ನೌಕರಿಯೂ ಕಾಯಕವಾಗಬಲ್ಲದೆಂಬುದಕ್ಕೆ ಚೆನ್ನಬಸಪ್ಪನವರ ಜೀವನ ಸಾಕ್ಷಿ. ಕಲಿಸುವ ಗುರುಗಳು, ಕಲಿತು ಹೋದ ಹಳೆಯ ವಿದ್ಯಾರ್ಥಿಗಳು, ದಾಸೋಹಭಾವದಿಂದ ನೀಡುವ ದಾನಿಗಳು ಒಂದೊಂದು ಮನೆಯ ಬಾಗಿಲನ್ನು ತಟ್ಟಿದರೆ ಅದೇ ಆ ಪುಣ್ಯಪುರುಷರಿಗೆ ಸಲ್ಲುವ ನಿಜವಾದ ಗೌರವ.