ಜಾರಿದ ಕ್ಲಚ್, ಹುಟ್ಟಿದ ಲ್ಯಾಂಬೋರ್ಗಿನಿ

ಲ್ಯಾಂಬೋರ್ಗಿನಿ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಹಾಸ್ಟೆಲ್ ಗೋಡೆಯ ಪೋಸ್ಟರ್, ಮೇಲಕ್ಕೆ ತೆರೆದುಕೊಳ್ಳೋ ಬಾಗಿಲು, ವಿ12 ಎಂಜಿನ್ನಿನ ಸದ್ದು. ಆದ್ರೆ ಆ ಹೆಸರಿನ ಮನುಷ್ಯ ಕಾರ್ ಕಂಪನಿ ಶುರು ಮಾಡಿದ್ದು 47ನೇ ವಯಸ್ಸಿನಲ್ಲಿ. ಅಲ್ಲಿವರೆಗೂ ಅವರು ಮಾಡ್ತಿದ್ದದ್ದು ಟ್ರ್ಯಾಕ್ಟರ್. ಟ್ರ್ಯಾಕ್ಟರಿನಿಂದ ಸ್ಪೋರ್ಟ್ಸ್ ಕಾರಿಗೆ ಅವರನ್ನ ಕರ್ಕೊಂಡು ಹೋಗಿದ್ದು ಪದೇ ಪದೇ ಕೆಡ್ತಿದ್ದ ಒಂದು ಕ್ಲಚ್.

ಫೆರುಚ್ಚೊ ಲ್ಯಾಂಬೋರ್ಗಿನಿ ಹುಟ್ಟಿದ್ದು 1916ರ ಏಪ್ರಿಲ್ 28ರಂದು, ಉತ್ತರ ಇಟಲಿಯ ಚೆಂತೊ ಹತ್ತಿರದ ರೆನಾತ್ಸೊ ಅನ್ನೋ ಊರಲ್ಲಿ. ಅಪ್ಪ ಅಮ್ಮ ದ್ರಾಕ್ಷಿ ಬೆಳೆಯೋ ರೈತರು. ಹುಡುಗನಿಗೆ ಮಾತ್ರ ಬೆಳೆಗಿಂತ ಹೊಲದ ಮೆಷಿನ್‌ಗಳ ಮೇಲೇ ಕಣ್ಣು. ಬೊಲೋನ್ಯಾ ಹತ್ತಿರ ಟೆಕ್ನಿಕಲ್ ಶಾಲೆಯಲ್ಲಿ ಮೆಕ್ಯಾನಿಕ್ಸ್ ಕಲಿತರು. 1940ರಲ್ಲಿ ವಾಯುಪಡೆಗೆ ಸೇರಬೇಕಾಯ್ತು. ಅವರನ್ನ ಕಳಿಸಿದ್ದು ರೋಡ್ಸ್ ದ್ವೀಪಕ್ಕೆ, ಅಲ್ಲಿ ಸೇನೆಯ ವಾಹನಗಳನ್ನ ನೋಡಿಕೊಳ್ಳೋ ಕೆಲಸ. ಯುದ್ಧದ ನಡುವೆ ಒಂದು ದ್ವೀಪದಲ್ಲಿ ಬೇಕಾದ ಸ್ಪೇರ್ ಪಾರ್ಟ್ ಬೇಕಾದಾಗ ಎಲ್ಲಿ ಸಿಗುತ್ತೆ? ಇರೋದ್ರಲ್ಲೇ ಗಾಡಿ ಓಡಿಸಬೇಕು. ಯುದ್ಧ ಮುಗಿಯುವಾಗ ಬ್ರಿಟಿಷರ ಕೈಗೆ ಸೆರೆಸಿಕ್ಕಿ, 1946ರಲ್ಲಿ ಊರಿಗೆ ವಾಪಸ್ ಬಂದರು.

ಬಂದ ಮೇಲೂ ಜೀವನ ಸುಲಭ ಇರಲಿಲ್ಲ. 1947ರಲ್ಲಿ ಮಗ ಹುಟ್ಟಿದಾಗ ಹೆಂಡತಿ ಕ್ಲೆಲಿಯಾ ತೀರಿಕೊಂಡರು. ಕೈಯಲ್ಲಿ ಎಳೆ ಕೂಸು, ಜೊತೆಗೆ ಒಂದು ಸಣ್ಣ ಗ್ಯಾರೇಜ್. ಸುತ್ತಮುತ್ತಲ ರೈತರಿಗೆ ಟ್ರ್ಯಾಕ್ಟರ್ ಬೇಕಿತ್ತು, ಕೊಳ್ಳೋಕೆ ದುಡ್ಡಿರಲಿಲ್ಲ. ಫೆರುಚ್ಚೊ ಯುದ್ಧದಲ್ಲಿ ಉಳಿದುಹೋಗಿದ್ದ ಸೇನಾ ವಾಹನಗಳ ಭಾಗಗಳನ್ನ ಜೋಡಿಸಿ ಟ್ರ್ಯಾಕ್ಟರ್ ಮಾಡಿದರು, ಅದರ ಹೆಸರು ಕಾರಿಯೋಕಾ. ಪೆಟ್ರೋಲ್ ದುಬಾರಿ ಇದ್ದ ಕಾಲ ಅದು. ಹಾಗಾಗಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಅಗ್ಗದ ಡೀಸೆಲ್‌ಗೆ ಬದಲಾಯಿಸೋ ವ್ಯವಸ್ಥೆಯನ್ನೂ ಮಾಡಿದರು. 1948ರಲ್ಲಿ ಲ್ಯಾಂಬೋರ್ಗಿನಿ ಟ್ರಾತ್ತೋರಿ ಕಂಪನಿ ಶುರುವಾಯ್ತು. ಅದೇ ವರ್ಷ ತಾವೇ ಮಾರ್ಪಡಿಸಿದ ಪುಟ್ಟ ಫಿಯೆಟ್ ಟೊಪೊಲಿನೊ ಕಾರಿನಲ್ಲಿ ಮಿಲ್ಲೆ ಮಿಲ್ಯಾ ರೇಸಿಗೂ ಹೋದರು. ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿಸಿ, ಕೊನೆಗೆ ಒಂದು ಹೋಟೆಲಿನ ಗೋಡೆಗೆ ಗುದ್ದಿದರು. ರೇಸಿನ ಆಸೆ ಅಲ್ಲಿಗೇ ಮುಗೀತು.

ಮುಂದಿನ ಹತ್ತು ವರ್ಷದಲ್ಲಿ ಟ್ರ್ಯಾಕ್ಟರ್ ವ್ಯಾಪಾರ ಚೆನ್ನಾಗಿ ಬೆಳೀತು. ಕೈಯಲ್ಲಿ ದುಡ್ಡು ಬಂದಾಗ ಒಳ್ಳೊಳ್ಳೆ ಕಾರು ಕೊಂಡರು. 1958ರಲ್ಲಿ ಮೊದಲ ಫೆರಾರಿ ಬಂತು, 250 ಜಿಟಿ. ಕಾರು ಇಷ್ಟವಾಯ್ತು, ಕ್ಲಚ್ ಮಾತ್ರ ತಲೆನೋವಾಯ್ತು. ಇಲ್ಲಿಂದ ಮುಂದಿನದು ಅವರೇ ಎಷ್ಟೋ ವರ್ಷ ಆದ್ಮೇಲೆ ಹೇಳಿಕೊಂಡ ಕಥೆ.

ಕಥೆಗೆ ಮೊದಲು ಸ್ವಲ್ಪ ಕ್ಲಚ್ ಬಗ್ಗೆ. ಫ್ಲೈವ್ಹೀಲ್ ಮತ್ತು ಪ್ರೆಷರ್ ಪ್ಲೇಟ್ ನಡುವೆ ಒಂದು ಫ್ರಿಕ್ಷನ್ ಡಿಸ್ಕ್ ಇರುತ್ತೆ, ಸ್ಪ್ರಿಂಗ್‌ಗಳು ಅದನ್ನ ಒತ್ತಿ ಹಿಡಿದಿರ್ತವೆ. ಅದು ಎಷ್ಟು ಟಾರ್ಕ್ ದಾಟಿಸುತ್ತೆ ಅನ್ನೋದು ಮೂರು ವಿಷಯಗಳ ಗುಣಾಕಾರ: ಕೋಎಫಿಶಿಯೆಂಟ್ ಆಫ್ ಫ್ರಿಕ್ಷನ್, ಸ್ಪ್ರಿಂಗಿನ ಒತ್ತಡ, ಡಿಸ್ಕಿನ ಮೀನ್ ರೇಡಿಯಸ್. ಡಿಸ್ಕಿಗೆ ಎರಡು ಮುಖ ಇರೋದ್ರಿಂದ ಅದರ ಎರಡರಷ್ಟು. ಎಂಜಿನ್ ಕೊಡೋ ಟಾರ್ಕ್ ಇದಕ್ಕಿಂತ ಜಾಸ್ತಿ ಆದ್ರೆ ಡಿಸ್ಕ್ ಜಾರುತ್ತೆ. ಎಂಜಿನ್ ಕಿರುಚುತ್ತೆ, ಕಾರು ಮುಂದೆ ಹೋಗಲ್ಲ, ಸುಟ್ಟ ವಾಸನೆ ಬರುತ್ತೆ. ಬಿಸಿಯಾದಷ್ಟೂ ಹಿಡಿತ ಕಮ್ಮಿ, ಹಿಡಿತ ಕಮ್ಮಿಯಾದಷ್ಟೂ ಇನ್ನೂ ಬಿಸಿ.

ರಿಪೇರಿಯ ಕಷ್ಟ ಇರೋದು ಪಾರ್ಟಿನಲ್ಲಲ್ಲ, ಅದು ಕೂತಿರೋ ಜಾಗದಲ್ಲಿ. ಎಂಜಿನ್ ಮುಂದಿರೋ ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಒಂದು ಡಿಸ್ಕ್ ಮುಟ್ಟಬೇಕಾದ್ರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಗೇರ್‌ಬಾಕ್ಸ್ ಇಳಿಸಬೇಕು. ಹೊಸ ಡಿಸ್ಕನ್ನ ಸರಿಯಾಗಿ ನಡುಮಧ್ಯೆ ಕೂರಿಸಬೇಕು, ಇಲ್ಲಾಂದ್ರೆ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗೋದೇ ಇಲ್ಲ. ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗೀಬೇಕು. ಇಷ್ಟೆಲ್ಲ ಮಾಡಿ, ಡಿಸ್ಕ್ ಯಾಕೆ ಕೆಟ್ಟಿತು ಅಂತ ನೋಡದೇ ಮುಚ್ಚಿದರೆ ಎಲ್ಲಾ ವ್ಯರ್ಥ. ಹಿಂದಿನ ಸೀಲಿನಿಂದ ಎಣ್ಣೆ ಸೋರ್ತಾ ಇರಬಹುದು, ಫ್ಲೈವ್ಹೀಲ್ ಮೇಲೆ ಬಿಸಿಯ ಕಲೆ ಬಿದ್ದಿರಬಹುದು, ಅಥವಾ ಆ ಎಂಜಿನ್ನಿಗೆ ಆ ಕ್ಲಚ್ಚೇ ಚಿಕ್ಕದಿರಬಹುದು.

ಫೆರುಚ್ಚೊ ಹೇಳಿದ ಪ್ರಕಾರ ಅವರ ಕಾರಿನಲ್ಲಿ ಆಗಿದ್ದು ಈ ಕೊನೇದು. ಕಾರು ಫೆರಾರಿ ಕಾರ್ಖಾನೆ ಇದ್ದ ಮರನೆಲ್ಲೊಗೆ ಹೋಗ್ತಿತ್ತು, ರಿಪೇರಿ ಆಗಿ ಬರ್ತಿತ್ತು, ಸ್ವಲ್ಪ ದಿನಕ್ಕೆ ಮತ್ತೆ ಜಾರ್ತಿತ್ತು. ರಿಪೇರಿ ಹೇಗೆ ಮಾಡ್ತಾರೆ ಅಂತ ನೋಡೋಕೂ ಬಿಡ್ತಿರಲಿಲ್ಲವಂತೆ. ಕೊನೆಗೆ ಕಾರನ್ನ ತಮ್ಮ ಟ್ರ್ಯಾಕ್ಟರ್ ಕಾರ್ಖಾನೆಗೇ ತಂದು ಬಿಚ್ಚಿಸಿದರು. ಒಳಗಿದ್ದದ್ದು ತಮ್ಮ ಟ್ರ್ಯಾಕ್ಟರಿಗೆ ಹಾಕ್ತಿದ್ದ ಕಂಪನಿಯದ್ದೇ ಕ್ಲಚ್! ಸ್ಟೋರಿನಿಂದ ದೊಡ್ಡ ಅಳತೆಯದನ್ನ ತಂದು ಕೂರಿಸಿದರು, ಜಾರೋದು ನಿಂತಿತು.

ಇಲ್ಲಿ ಫೆರಾರಿಯವರಿಗೆ ಏನೂ ಗೊತ್ತಿರಲಿಲ್ಲ ಅಂದ್ಕೋಬಾರದು. ರೇಸಿಗೆ ಓಡೋ ಕಾರಿನಲ್ಲಿ ಡಿಸ್ಕ್ ಚಿಕ್ಕದಾಗಿ ಹಗುರಾಗಿದ್ರೆ ಅದರ ಇನರ್ಷಿಯಾ ಕಮ್ಮಿ, ಗೇರ್ ಬೇಗ ಬೀಳುತ್ತೆ. ಟ್ರ್ಯಾಕ್ಟರ್ ಕ್ಲಚ್ ಹಾಗಲ್ಲ. ಕೆಸರಿನಲ್ಲಿ ನೇಗಿಲು ಎಳೀತಾ ದಿನವಿಡೀ ರೈತನ ಕಾಲಿನ ಕೆಳಗೆ ಬಾಳಬೇಕು. ಫೆರುಚ್ಚೊಗೆ ಬೇಕಾಗಿದ್ದದ್ದು ದಿನಾ ಓಡಿಸೋ ಕಾರು. ಒಂದೇ ಪಾರ್ಟು, ಎರಡು ಬೇರೆ ಬೇರೆ ಡಿಸೈನ್ ಉದ್ದೇಶ.

ಈ ವಿಷಯವನ್ನ ಎಂಜೊ ಫೆರಾರಿಗೆ ಹೇಳಿದಾಗ, ಟ್ರ್ಯಾಕ್ಟರ್ ಓಡಿಸೋನಿಗೆ ಸ್ಪೋರ್ಟ್ಸ್ ಕಾರ್ ಓಡಿಸೋಕೆ ಏನು ಗೊತ್ತು ಅನ್ನೋ ಅರ್ಥದ ಉತ್ತರ ಬಂತಂತೆ. ರೈತರ ಮಗನಿಗೆ ಅದು ಎಲ್ಲಿ ತಾಗಿರಬೇಕು ಅಂತ ನಾವೇ ಊಹಿಸಬಹುದು. ಆದ್ರೆ ಬರೀ ಸಿಟ್ಟಿನ ಮೇಲೆ ಕಾರ್ಖಾನೆ ನಿಲ್ಲಲ್ಲ. ಮಾಮೂಲಿ ಪಾರ್ಟುಗಳ ಬೆಲೆ ಅವರಿಗೆ ಗೊತ್ತಿತ್ತು, ಅದೇ ಪಾರ್ಟು ಐಷಾರಾಮಿ ಕಾರಿನೊಳಗೆ ಹೋದ್ರೆ ಎಷ್ಟಕ್ಕೆ ಮಾರಾಟ ಆಗುತ್ತೆ ಅಂತಲೂ ಗೊತ್ತಿತ್ತು.

1963ರಲ್ಲಿ ಸಾಂತಾಗಾತಾ ಬೊಲೊನ್ಯೇಸೆಯಲ್ಲಿ ಕಾರ್ ಕಾರ್ಖಾನೆ ಶುರುವಾಯ್ತು. ಫೆರಾರಿ ಬಿಟ್ಟು ಬಂದಿದ್ದ ಜೊತ್ತೊ ಬಿತ್ಸಾರಿನಿ 3.5 ಲೀಟರಿನ ವಿ12 ಎಂಜಿನ್ ಡಿಸೈನ್ ಮಾಡಿಕೊಟ್ಟರು. ಆ ವರ್ಷ ಟುರಿನ್ ಷೋಗೆ ಮೊದಲ ಕಾರು ಹೋದಾಗ ಬಾನೆಟ್ ಒಳಗೆ ಎಂಜಿನ್ನೇ ಹಿಡೀಲಿಲ್ಲ! ಷೋ ಪೂರ್ತಿ ಬಾನೆಟ್ ಮುಚ್ಚೇ ಇಟ್ಟಿದ್ದರು, ತೂಕಕ್ಕೆ ಇಟ್ಟಿಗೆ ತುಂಬಿದ್ದರು ಅಂತ ಹೇಳ್ತಾರೆ. ಬಿತ್ಸಾರಿನಿ ಎಂಜಿನ್ ರೇಸಿಗೆ ಸರಿಹೋಗೋ ಹಾಗಿತ್ತು. ಫೆರುಚ್ಚೊಗೆ ಅದು ಬೇಡ. ಜಾನ್‌ಪಾವೊಲೊ ದಲ್ಲಾರಾ ಮತ್ತು ಪಾವೊಲೊ ಸ್ತಾನ್ಸಾನಿ ಅನ್ನೋ ಇಬ್ಬರು ಯುವ ಎಂಜಿನಿಯರ್‌ಗಳು ಅದನ್ನ ರಸ್ತೆಗೆ ಹೊಂದುವ ಹಾಗೆ ಪಳಗಿಸಿದರು. 1964ರಲ್ಲಿ 350 ಜಿಟಿ ಬಂತು. ಆ ಎಂಜಿನ್ನಿನ ವಂಶ 2010ರವರೆಗೂ ನಡೀತು. 1966ರಲ್ಲಿ ಬಂದ ಮಿಯುರಾದಲ್ಲಿ ವಿ12 ಎಂಜಿನ್ನನ್ನ ಸೀಟಿನ ಹಿಂದೆ ಅಡ್ಡಡ್ಡ ಇಟ್ಟು, ಗೇರ್‌ಬಾಕ್ಸನ್ನೂ ಅದರ ಜೊತೆಗೇ ಎರಕ ಹೊಯ್ದಿದ್ದರು. ಜಗತ್ತು ತಿರುಗಿ ನೋಡಿತು.

ಆದ್ರೆ ಮೇಲಕ್ಕೆ ಹೋದದ್ದು ಮೇಲೇ ನಿಲ್ಲಲಿಲ್ಲ. 1970ರ ದಶಕದ ಮೊದಲಲ್ಲಿ ಬೊಲಿವಿಯಾದ ದೊಡ್ಡ ಟ್ರ್ಯಾಕ್ಟರ್ ಆರ್ಡರ್ ರದ್ದಾಗಿ ಕಂಪನಿಗೆ ಭಾರೀ ಪೆಟ್ಟು ಬಿತ್ತು. 1972ರಲ್ಲಿ ಕಾರ್ ಕಂಪನಿಯ 51 ಶೇಕಡಾ ಪಾಲು ಮಾರಿದರು, 1973ರಲ್ಲಿ ಟ್ರ್ಯಾಕ್ಟರ್ ಕಂಪನಿಯೂ ಬೇರೆಯವರದಾಯ್ತು, 1974ರಲ್ಲಿ ಕಾರ್ ಕಂಪನಿಯ ಉಳಿದ ಪಾಲೂ ಹೋಯ್ತು. ಫೆರುಚ್ಚೊ ಉಂಬ್ರಿಯಾ ಪ್ರಾಂತ್ಯದ ಪಾನಿಕಾಲೆಯಲ್ಲಿ ಜಮೀನು ಮಾಡಿ, ದ್ರಾಕ್ಷಿ ಬೆಳೆದು ವೈನ್ ತಯಾರಿಸಿದರು. ಅಪ್ಪನ ಕೆಲಸಕ್ಕೇ ವಾಪಸ್. 1993ರ ಫೆಬ್ರವರಿ 20ರಂದು 76ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆಗೆ ಒಂದು ತಮಾಷೆಯ ಬಾಲ ಇದೆ. ನಮ್ಮ ಪೋಸ್ಟರ್‌ಗಳಲ್ಲಿರೋ ಆ ಕೌಂಟಾಶ್ ಕಾರಿನ ಕ್ಲಚ್ ಪೆಡಲ್ ತುಳಿಯೋಕೆ ತುಂಬಾ ಗಟ್ಟಿ. ಗೇರ್‌ಬಾಕ್ಸ್ ಎಂಜಿನ್ನಿನ ಮುಂದೆ, ಸೀಟುಗಳ ಮಧ್ಯೆ ಇದೆ. ಕ್ಲಚ್ ಬದಲಿಸಬೇಕಾದ್ರೆ ಎಂಜಿನ್ನನ್ನೇ ಹೊರಗೆ ಎತ್ತಬೇಕು. ಅಂದ್ರೆ ಕ್ಲಚ್ ಮೇಲಿನ ಸಿಟ್ಟಿನಿಂದ ಹುಟ್ಟಿದ ಕಂಪನಿಯೂ ಕ್ಲಚ್ ಸಮಸ್ಯೆಯನ್ನ ಪೂರ್ತಿ ಗೆಲ್ಲಲಿಲ್ಲ. ಒಂದು ಕಡೆ ಸರಿಮಾಡಿದ್ರೆ ಇನ್ನೊಂದು ಕಡೆ ಬಿಟ್ಟುಕೊಡಲೇಬೇಕು, ಎಂಜಿನಿಯರಿಂಗ್ ಇರೋದೇ ಹಾಗೆ.

ನನಗೆ ಇಷ್ಟವಾಗೋದು ಅವರ ಕಾರುಗಳಿಗಿಂತ ಆ ಒಂದು ದಿನ. ಅವರಿಗೆ ಇನ್ನೊಂದು ಕಾರು ಕೊಳ್ಳೋ ಅಷ್ಟು ದುಡ್ಡಿತ್ತು, ಕೊಳ್ಳದೇ ಇದ್ದದ್ದನ್ನ ಬಿಚ್ಚಿಸಿ ನೋಡಿದರು. ಒಳಗೆ ಕಂಡಿದ್ದು ತಮಗೆ ಆಗಲೇ ಗೊತ್ತಿದ್ದ ಪಾರ್ಟು. ನಮ್ಮ ಲ್ಯಾಬ್‌ನಲ್ಲಿ ಮೂಲೆಗೆ ಸೇರಿರೋ ಕಟ್ ಸೆಕ್ಷನ್ ಕ್ಲಚ್ ಮಾಡೆಲ್ ಇದೆಯಲ್ಲ, ವೈವಾ ದಿನ ಮಾತ್ರ ನೋಡ್ತೀವಲ್ಲ, ಅದನ್ನ ಮುಂದಿನ ವಾರ ಸುಮ್ನೆ ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ.